ತಲೆ ಒಬ್ಬರದು, ಆಯ್ಕೆ ಇನ್ನೊಬ್ಬರದು

ಮುಂಬಯಿಯ ಚೆಂಬೂರಿನಲ್ಲಿ ದುಡಿಯುವ ಜನ ಒಳಹೋಗುವ ಗೇಟುಗಳು ಎರಡು ಬಗೆಯವು. ಮಾಹುಲ್ ಕಡೆ ತಿರುಗಿದರೆ 1950ರ ದಶಕದಿಂದ ನಡೆದುಬಂದಿರುವ ಎರಡು ತೈಲ ಶುದ್ಧೀಕರಣ ಘಟಕಗಳಿವೆ, ಈಗಿನ ಎಚ್‌ಪಿಸಿಎಲ್ ಮತ್ತು ಬಿಪಿಸಿಎಲ್. ಆ ಆಸುಪಾಸಿನಲ್ಲೇ ಆರ್‌ಸಿಎಫ್ ರಸಗೊಬ್ಬರ ಕಾರ್ಖಾನೆ. ಇಂಥ ಗೇಟುಗಳಲ್ಲಿ ತಲೆಗೆ ಹೆಲ್ಮೆಟ್, ಕಾಲಿಗೆ ಸೇಫ್ಟಿ ಶೂ ಇಲ್ಲದ ಗುತ್ತಿಗೆ ಕಾರ್ಮಿಕನಿಗೆ ಪ್ರವೇಶವಿಲ್ಲ. ಎರಡನೆಯ ಬಗೆಯ ಗೇಟು ತಿಲಕ್ ನಗರದಲ್ಲಿ, ಛೇಡಾ ನಗರದಲ್ಲಿ, ಚೆಂಬೂರು ಕ್ಯಾಂಪಿನ ಓಣಿಗಳಲ್ಲಿ ಸಿಗುತ್ತದೆ. ಹಳೆಯ ಹೌಸಿಂಗ್ ಸೊಸೈಟಿಗಳನ್ನು ಕೆಡವಿ ಗೋಪುರಗಳನ್ನು ಎಬ್ಬಿಸುವ ಜಾಗಗಳ ತಗಡಿನ ಗೇಟು ಅದು. ಹೆಲ್ಮೆಟ್ ಕಡ್ಡಾಯವೆಂಬ ಫಲಕ ಅಲ್ಲೂ ಇರುತ್ತದೆ. ಒಳಗೆ ಇಂಜಿನಿಯರರ ತಲೆಯ ಮೇಲೆ ಬಿಳಿಯ ಹೆಲ್ಮೆಟ್, ಸೆಂಟ್ರಿಂಗ್ ಮಾಡುವ ಕೆಲವರ ತಲೆಯ ಮೇಲೆ ಹಳದಿಯದು, ಘಮೇಲಾ ಎಂಬ ಬಾಂಡಲಿ ಹೊರುವ ಹೆಂಗಸರ ತಲೆಯ ಮೇಲೆ ಸಿಂಬಿ ಮಾತ್ರ. ಸಣ್ಣ ಕಾಮಗಾರಿಯಾದರೆ ಆ ಹಳದಿ ಹೆಲ್ಮೆಟ್ಟೂ ಇಲ್ಲ.

ಈ ಎರಡೂ ಗೇಟುಗಳನ್ನು ದಾಟುವವರು ಎಷ್ಟೋ ಸಲ ಒಬ್ಬರೇ. ಶುದ್ಧೀಕರಣ ಘಟಕದ ಶಟ್‌ಡೌನ್ ಕೆಲಸಕ್ಕೆ ಕೆಲವು ವಾರ ಹೋದವರು ಅದು ಮುಗಿದ ಮೇಲೆ ಕಟ್ಟಡದ ಕೆಲಸಕ್ಕೆ ಬರುತ್ತಾರೆ. ಅಲ್ಲಿ ದಿನವಿಡೀ ಹೆಲ್ಮೆಟ್ ಧರಿಸಿದ್ದ ತಲೆ ಇಲ್ಲಿ ಬರಿದಾಗಿರುತ್ತದೆ. 'ನಮ್ಮ ಕೂಲಿಗಳಿಗೆ ಹಾಕಿಕೊಳ್ಳುವ ರೂಢಿಯೇ ಇಲ್ಲ' ಎಂದು ಗುತ್ತಿಗೆದಾರರು ಹೇಳುವ ಮಾತು ಈ ಒಂದು ಸಂಗತಿಯ ಮುಂದೆ ನಿಲ್ಲುವುದಿಲ್ಲ. ವಾರದೊಳಗೆ ಮನುಷ್ಯನ ಸ್ವಭಾವ ಬದಲಾಗಲಿಲ್ಲ, ಗೇಟು ಬದಲಾಯಿತು. ದೊಡ್ಡ ಕಾರ್ಖಾನೆಗಳಲ್ಲಿ ಎಲ್ಲವೂ ಸುರಕ್ಷಿತ ಎಂದೂ ನಾನು ಹೇಳುತ್ತಿಲ್ಲ. 2018ರ ಆಗಸ್ಟ್ 8ರಂದು ಬಿಪಿಸಿಎಲ್ ಘಟಕದ ಹೈಡ್ರೋಕ್ರ್ಯಾಕರ್ ವಿಭಾಗದಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಹೆಚ್ಚು ಜನ ಗಾಯಗೊಂಡದ್ದನ್ನು ಚೆಂಬೂರಿನವರು ಮರೆತಿಲ್ಲ. ಆದರೆ ಮೈಮೇಲೆ ಧರಿಸುವ ರಕ್ಷಣಾ ಸಾಮಗ್ರಿಯ ಮಟ್ಟಿಗೆ ಕಾರ್ಖಾನೆಯ ಗೇಟು ಮಾಡಿಸಬಲ್ಲದ್ದನ್ನು ಕಟ್ಟಡದ ಗೇಟು ಏಕೆ ಮಾಡಿಸುತ್ತಿಲ್ಲ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬೇಕಾದ ಕಾಲ ಇದು.

ಕನ್ನಡ ಓದುಗರಿಗೆ ಇದು ದೂರದ ವಿಷಯವಲ್ಲ. ಮುಂಬಯಿಯ ನಾಕಾಗಳಲ್ಲಿ ಬೆಳಿಗ್ಗೆ ಕೆಲಸಕ್ಕಾಗಿ ಕಾದು ನಿಲ್ಲುವ ಗೌಂಡಿ, ಬಿಗಾರಿಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಂದ, ತಾಂಡಾಗಳಿಂದ ಬಂದವರು ಬಹಳ. ಅದೇ ಊರಿನಲ್ಲಿ ಕೆಡವಿ ಕಟ್ಟುವ ಸೊಸೈಟಿಗಳ ಸದಸ್ಯರಾಗಿ, ಕಾರ್ಯದರ್ಶಿಗಳಾಗಿ, ಖಜಾಂಚಿಗಳಾಗಿ ಇರುವವರಲ್ಲೂ ಕನ್ನಡಿಗರಿದ್ದಾರೆ. ಕಟ್ಟಿಸುವವರೂ ಕಟ್ಟುವವರೂ ಒಂದೇ ಭಾಷೆಯವರಾದ ಕಡೆ, ಕಟ್ಟುವವರ ತಲೆಯ ಬಗ್ಗೆ ಕಟ್ಟಿಸುವವರು ತಿಳಿದುಕೊಳ್ಳದೆ ಇರುವುದಕ್ಕೆ ನೆಪ ಸಿಗುವುದಿಲ್ಲ.

ನನ್ನ ವಾದ ಇಷ್ಟು. ನಮ್ಮ ಕಾಮಗಾರಿಗಳಲ್ಲಿ ರಕ್ಷಣಾ ಸಾಮಗ್ರಿ ಕೆಲಸಕ್ಕೆ ಬಾರದೆ ಹೋಗುವುದಕ್ಕೆ ಮುಖ್ಯ ಕಾರಣ, ಅದನ್ನು ಕೊಳ್ಳುವವನು ಧರಿಸುವವನಲ್ಲ, ಧರಿಸುವವನನ್ನು ಯಾರೂ ಕೇಳುವುದಿಲ್ಲ. ತಪಾಸಣೆಗೆ ಬಂದವರ ಕಣ್ಣಿಗೆ ಕಾಣಲಿ ಎಂದು ಕೊಂಡದ್ದು ಕಣ್ಣಿಗೆ ಕಾಣುವಷ್ಟೇ ಕೆಲಸ ಮಾಡುತ್ತದೆ. ಆಯ್ಕೆ ಮಾಡಬೇಕಾದದ್ದು ಕೆಲಸವನ್ನೂ ಕೆಲಸ ಮಾಡುವ ದೇಹವನ್ನೂ ನೋಡಿ. ಅದಕ್ಕೂ ಮೊದಲು, ಯಾವ ಅಪಾಯವನ್ನು ಸಾಮಗ್ರಿಯಿಲ್ಲದೆಯೇ ತೆಗೆದುಹಾಕಬಹುದು ಎಂದು ನೋಡಬೇಕು.

ಹೆಲ್ಮೆಟ್ಟಿನಿಂದಲೇ ಶುರು ಮಾಡೋಣ. ಅದರಲ್ಲಿ ಎರಡು ಭಾಗ: ಹೊರಗಿನ ಚಿಪ್ಪು, ಒಳಗಿನ ಪಟ್ಟಿಗಳ ಜಾಲ. ಕೊಳ್ಳುವವರು ಚಿಪ್ಪನ್ನು ಬೆರಳಿನಿಂದ ತಟ್ಟಿ ಗಟ್ಟಿಯಿದೆ ಎಂದು ಒಪ್ಪಿಬಿಡುತ್ತಾರೆ. ಚಿಪ್ಪಿನ ಕೆಲಸ ಬಿದ್ದ ವಸ್ತುವಿನ ಪೆಟ್ಟನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸದೆ ಹರಡುವುದು, ಚೂಪಾದದ್ದು ಒಳಗೆ ತೂರದಂತೆ ತಡೆಯುವುದು. ಆ ಪೆಟ್ಟು ಕುತ್ತಿಗೆಗೂ ಮಿದುಳಿಗೂ ಇಳಿಯದಂತೆ ಹೀರಿಕೊಳ್ಳುವುದು ಒಳಗಿನ ಜಾಲ. ವೇಗವಾಗಿ ಬಂದ ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವಂತೆ, ಪಟ್ಟಿಗಳು ಹಿಗ್ಗಿ ಪೆಟ್ಟಿಗೆ ಒಂದಿಷ್ಟು ಹೆಚ್ಚು ಸಮಯ ಕೊಡುತ್ತವೆ. ಹಾಗೆ ಹಿಗ್ಗಲು ಚಿಪ್ಪಿಗೂ ನೆತ್ತಿಗೂ ನಡುವೆ ಸುಮಾರು ಎರಡು ಬೆರಳಿನಷ್ಟು ಖಾಲಿ ಜಾಗ ಬೇಕು. ಅಲ್ಲಿ ತಂಬಾಕಿನ ಪುಡಿಕೆ, ಮೊಬೈಲು, ಮಡಚಿದ ಟವೆಲ್ ಇಟ್ಟರೆ ಪೆಟ್ಟು ನೇರ ತಲೆಗೆ ಹೋಗುತ್ತದೆ. ಹೀಗೆ ಇಡುವವರನ್ನು ಬಯ್ಯುವ ಮೊದಲು, ಅವರ ಅಂಗಿಗೆ ಭದ್ರವಾದ ಜೇಬಿದೆಯೇ, ಚೀಲ ಇಡಲು ಕಾಮಗಾರಿಯಲ್ಲಿ ಬೀಗದ ಪೆಟ್ಟಿಗೆಯಿದೆಯೇ ಎಂದು ನೋಡಬೇಕು.

ಹೆಲ್ಮೆಟ್ ಎಷ್ಟನ್ನು ತಡೆದೀತು? ಯುರೋಪಿನ ಇಎನ್ 397 ಮಾನದಂಡದ ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ಬೀಳಿಸಿ, ಕೆಳಗಿನ ತಲೆಯ ಅಚ್ಚಿಗೆ 5 ಕಿಲೋನ್ಯೂಟನ್ನಿಗಿಂತ ಹೆಚ್ಚು ಬಲ ತಲುಪಬಾರದು ಎನ್ನುತ್ತಾರೆ. ಆ ಪೆಟ್ಟಿನ ಶಕ್ತಿ ಸುಮಾರು 49 ಜೂಲ್. ಇದನ್ನು ಕಾಮಗಾರಿಯ ಲೆಕ್ಕಕ್ಕೆ ತಂದು ನೋಡಿ. ಸಾರವೆಯ ಕಬ್ಬಿಣದ ಕ್ಲ್ಯಾಂಪು ಒಂದು ಕಿಲೋ ತೂಗುತ್ತದೆ ಎಂದುಕೊಂಡರೆ, ಅದು ಐದು ಮೀಟರ್ ಮೇಲಿನಿಂದ ಬಿದ್ದಾಗ ಇಷ್ಟೇ ಶಕ್ತಿ. ಮೂರು ಕಿಲೋ ತೂಕದ ಇಟ್ಟಿಗೆ ಒಂಬತ್ತು ಮೀಟರ್, ಅಂದರೆ ಸುಮಾರು ಮೂರು ಮಹಡಿಯ ಎತ್ತರದಿಂದ ಬಿದ್ದರೆ ಅದರ ಶಕ್ತಿ 260 ಜೂಲ್ ದಾಟುತ್ತದೆ. ಪರೀಕ್ಷೆಯ ಪೆಟ್ಟಿನ ಐದು ಪಟ್ಟಿಗೂ ಮಿಗಿಲು. ಚೆಂಬೂರಿನಲ್ಲಿ ಈಗ ಏಳುತ್ತಿರುವ ಕಟ್ಟಡಗಳಿಗೆ ಮೂರು ಮಹಡಿ ಬರೀ ಬುಡ.

ಹೆಲ್ಮೆಟ್ ವ್ಯರ್ಥ ಎಂದು ಇದರಿಂದ ತಿಳಿಯಬಾರದು. ಸಣ್ಣ ವಸ್ತುಗಳು ಬೀಳುವುದು, ತಲೆ ಕಂಬಿಗೆ ತಾಗುವುದು, ಎಡವಿ ಬಿದ್ದು ತಲೆ ಬಡಿದುಕೊಳ್ಳುವುದು ಇವೆಲ್ಲ ದಿನವೂ ಆಗುವಂಥವು; ಒಳ್ಳೆಯ ಹೆಲ್ಮೆಟ್ ಅವುಗಳಲ್ಲಿ ಬಹಳಷ್ಟನ್ನು ತಡೆಯುತ್ತದೆ. ಆದರೆ ಮೇಲಿನ ಮಹಡಿಯ ಅಂಚಿಗೆ ಅಡ್ಡಪಟ್ಟಿ ಕಟ್ಟದೆ, ಬಲೆ ಹಾಕದೆ, ಕ್ರೇನಿನ ಕೆಳಗೆ ಜನರ ಓಡಾಟ ನಿಲ್ಲಿಸದೆ, ಎಲ್ಲರಿಗೂ ಹಳದಿ ಟೋಪಿ ಹಂಚಿ ಕೈತೊಳೆದುಕೊಳ್ಳುವವರು ಅದಕ್ಕೆ ಇಲ್ಲದ ಶಕ್ತಿಯನ್ನು ಆರೋಪಿಸುತ್ತಿದ್ದಾರೆ. ಸುರಕ್ಷತಾ ಶಾಸ್ತ್ರದಲ್ಲಿ ಕ್ರಮ ಸ್ಪಷ್ಟವಾಗಿದೆ: ಮೊದಲು ಅಪಾಯವನ್ನೇ ಇಲ್ಲವಾಗಿಸುವುದು, ಆಗದಿದ್ದರೆ ಯಂತ್ರ ಅಥವಾ ರಚನೆಯಿಂದ ಅದನ್ನು ಮನುಷ್ಯನಿಂದ ದೂರವಿಡುವುದು, ಬಳಿಕ ಕೆಲಸದ ಕ್ರಮ ಬದಲಿಸುವುದು, ಕೊನೆಯಲ್ಲಿ ಮೈಮೇಲಿನ ಸಾಮಗ್ರಿ. ನಮ್ಮಲ್ಲಿ ಕೊನೆಯದು ಮೊದಲಾಗಿ, ಮೊದಲಿನವು ಮರೆತೇಹೋಗಿವೆ.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಕಥೆ ಇಲ್ಲಿ ನೆನೆಯತಕ್ಕದ್ದು. 1933ರಿಂದ 1937ರವರೆಗೆ ಅದನ್ನು ಕಟ್ಟಿಸಿದ ಮುಖ್ಯ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಕೆಲಸಗಾರರೆಲ್ಲರಿಗೂ ಗಟ್ಟಿ ಟೋಪಿಯನ್ನು ಕಡ್ಡಾಯ ಮಾಡಿದರು. ಅಷ್ಟಕ್ಕೇ ನಿಲ್ಲದೆ ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದರು. ಆ ಬಲೆ 19 ಜನರ ಜೀವ ಉಳಿಸಿತು. 1937ರ ಫೆಬ್ರವರಿ 17ರಂದು ಸಾರವೆಯೊಂದು ಕಳಚಿ ಬಲೆಯನ್ನೇ ಹರಿದುಕೊಂಡು ಹೋದಾಗ ಹತ್ತು ಜನ ಸತ್ತರು. ತಲೆಯ ಮೇಲಿನ ಟೋಪಿ ಆ ದಿನ ಯಾರನ್ನೂ ಉಳಿಸಲಾರದಾಗಿತ್ತು. ಎತ್ತರದಲ್ಲಿ ಜೀವ ಉಳಿಸಿದ್ದು ಬಲೆ. ಜೀವ ಹೋದದ್ದು ಆ ಬಲೆ ಸೋತಾಗ.

ಅಪಾಯವನ್ನು ತೆಗೆಯುವಷ್ಟು ತೆಗೆದ ಮೇಲೆ ಉಳಿದದ್ದಕ್ಕೆ ಹೆಲ್ಮೆಟ್ ಬೇಕೇ ಬೇಕು. ಆಗ ಆಯ್ಕೆ ಹೇಗಿರಬೇಕು? ಮೊದಲನೆಯದು ಗುರುತು. ಕಾಮಗಾರಿಯ ಹೆಲ್ಮೆಟ್ಟಿನ ಭಾರತೀಯ ಮಾನದಂಡ ಐಎಸ್ 2925. ಬೈಕಿನ ಹೆಲ್ಮೆಟ್ಟಿನದು ಬೇರೆ, ಐಎಸ್ 4151. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಐಎಸ್‌ಐ ಮುದ್ರೆಯ ಜೊತೆಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆ ನಿಜವೇ ಎಂದು ಬಿಐಎಸ್ ಕೇರ್ ಆ್ಯಪಿನಲ್ಲಿ ಯಾರು ಬೇಕಾದರೂ ನೋಡಬಹುದು. ಸೊಸೈಟಿಯ ಕಾರ್ಯದರ್ಶಿಗೂ ಮೊಬೈಲ್ ಇದೆ, ಕೂಲಿ ತಂಡದ ಮುಕಾದಮನಿಗೂ ಇದೆ.

ಎರಡನೆಯದು ವಯಸ್ಸು. ಚಿಪ್ಪಿನ ಒಳಬದಿಯಲ್ಲಿ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಪ್ಲಾಸ್ಟಿಕ್ ಬಿಸಿಲಿಗೆ ಬಿರುಸಾಗಿ ಹೊಳಪು ಕಳೆದುಕೊಂಡು ಒಡೆಯುವ ಹಂತಕ್ಕೆ ಬರುತ್ತದೆ. ಅದಕ್ಕೇ ತಯಾರಕರು ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಅವಧಿ ಹೇಳುತ್ತಾರೆ. ಒಮ್ಮೆ ಜೋರಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಅದನ್ನು ಎಸೆಯಬೇಕು. ಹಳೆಯ ಕಾಮಗಾರಿಯಿಂದ ಹೊಸ ಕಾಮಗಾರಿಗೆ ಗೋಣಿಚೀಲದಲ್ಲಿ ತುಂಬಿ ತಂದ ಹೆಲ್ಮೆಟ್ಟುಗಳಲ್ಲಿ ಯಾವುದಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಹೇಳುವವರಿಲ್ಲ.

ಮೂರನೆಯದು ಕೆಲಸ. ವಿದ್ಯುತ್ ತಂತಿಯ ಹತ್ತಿರ ದುಡಿಯುವವರಿಗೆ ಗಾಳಿಕಿಂಡಿ ಇಲ್ಲದ, ವಿದ್ಯುತ್ ನಿರೋಧಕ ಚಿಪ್ಪು ಬೇಕು. ಉಳಿದವರಿಗೆ ಮುಂಬಯಿಯ ಸೆಕೆಯಲ್ಲಿ ಗಾಳಿಕಿಂಡಿ ಇರುವುದೇ ವಾಸಿ, ಏಕೆಂದರೆ ಬೆವರಿನಿಂದ ಬೇಸತ್ತು ತೆಗೆದಿಟ್ಟ ಹೆಲ್ಮೆಟ್ ಯಾರನ್ನೂ ಕಾಯುವುದಿಲ್ಲ. ಎತ್ತರದಲ್ಲಿ ಕೆಲಸ ಮಾಡುವವರಿಗೆ ಗದ್ದದ ಪಟ್ಟಿ ಅತ್ಯಗತ್ಯ. ಪಟ್ಟಿಯಿಲ್ಲದ ಹೆಲ್ಮೆಟ್ ಮನುಷ್ಯ ಬೀಳುವಾಗ ತಲೆಯಿಂದ ಮೊದಲೇ ಕಳಚಿ ಹೋಗುತ್ತದೆ. ಮೇಲಿನಿಂದ ಬೀಳುವ ಪೆಟ್ಟನ್ನು ಮಾತ್ರವಲ್ಲ, ಪಕ್ಕದಿಂದ ಬರುವ ಪೆಟ್ಟನ್ನೂ ತಡೆಯುವ ಹೆಲ್ಮೆಟ್ಟುಗಳ ಕಡೆಗೆ ಜಗತ್ತು ಹೊರಳುತ್ತಿದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ತನ್ನ ತಪಾಸಣಾಧಿಕಾರಿಗಳಿಗೆ ಇಂಥದ್ದನ್ನೇ ಕೊಡುವುದಾಗಿ 2023ರ ಡಿಸೆಂಬರಿನಲ್ಲಿ ಹೇಳಿತು.

ನಾಲ್ಕನೆಯದು ತಲೆಯ ಅಳತೆ. ಹಿಂಬದಿಯಲ್ಲಿ ತಿರುಗಿಸಿ ಬಿಗಿ ಮಾಡುವ ಚಕ್ರವಿರುವ ಹೆಲ್ಮೆಟ್ಟನ್ನು ಒಂದು ಕೈಯಲ್ಲೇ ತಲೆಗೆ ಸರಿಯಾಗಿ ಕೂರಿಸಿಕೊಳ್ಳಬಹುದು. ತೂತಿಗೆ ಗುಂಡಿ ಸಿಕ್ಕಿಸುವ ಅಗ್ಗದ ಬಗೆಯದು ಸಡಿಲವಾಗಿಯೇ ಉಳಿದು, ಬಗ್ಗಿದರೆ ಕಣ್ಣಿನ ಮೇಲೆ ಜಾರುತ್ತದೆ. ಕಾಮಗಾರಿಗಳಲ್ಲಿ ಸಾಮಾನ್ಯವಾಗಿ ಚಕ್ರವಿರುವುದು ಬಿಳಿ ಹೆಲ್ಮೆಟ್ಟಿಗೆ, ಗುಂಡಿಯದು ಹಳದಿಯದಕ್ಕೆ. ಬಣ್ಣದಿಂದ ಯಾರು ಏನು ಕೆಲಸದವರೆಂದು ತಿಳಿಯುವುದಾದರೆ ಅಡ್ಡಿಯಿಲ್ಲ. ಆದರೆ ಬಣ್ಣದ ಜೊತೆ ಗುಣಮಟ್ಟವೂ ಬದಲಾಗುವುದು ಅನ್ಯಾಯ. ದಿನಕ್ಕೆ ಒಂದೆರಡು ಗಂಟೆ ಓಡಾಡಿ ಹೋಗುವವರಿಗೆ ಒಳ್ಳೆಯದು, ದಿನವಿಡೀ ಬಿಸಿಲಲ್ಲಿ ಕೆಲಸದ ಕೆಳಗೇ ನಿಲ್ಲುವವರಿಗೆ ಅಗ್ಗದ್ದು ಎಂಬ ಹಂಚಿಕೆಯನ್ನು ಯಾವ ತರ್ಕವೂ ಸಮರ್ಥಿಸುವುದಿಲ್ಲ.

ಇನ್ನು, ಈ ಎಲ್ಲ ಆಯ್ಕೆಗಳೂ ಅರ್ಥ ಕಳೆದುಕೊಳ್ಳುವ ಒಂದು ಜಾಗವಿದೆ: ಹೆಂಗಸಿನ ತಲೆ. ನಮ್ಮ ಕಾಮಗಾರಿಗಳಲ್ಲಿ ಹೆಂಗಸರಿಗೆ ಸಿಗುವ ಕೆಲಸ ಹೆಚ್ಚಾಗಿ ಹೊರುವುದು. ಇಟ್ಟಿಗೆ, ಮರಳು, ಜಲ್ಲಿ, ಕಲಸಿದ ಕಾಂಕ್ರೀಟು ಎಲ್ಲವೂ ತಲೆಯ ಮೇಲೆ. 'ತಲಿ ಮ್ಯಾಲ ಬುಟ್ಟಿ ಇಡೂದೈತಿ, ಟೋಪಿ ಎಲ್ಲಿ ಇಟ್ಕೊಳ್ಳೂದ್ರಿ?' ಎಂದು ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಕೇಳಿದರೆ ಯಾವ ಸುರಕ್ಷತಾ ಅಧಿಕಾರಿಯ ಬಳಿಯೂ ಉತ್ತರವಿಲ್ಲ. ಹೆಲ್ಮೆಟ್ ಹುಟ್ಟಿದ್ದು ತಲೆಯ ಮೇಲೆ ಭಾರ ಹೊರದ ಗಂಡಸಿನ ಕೆಲಸಕ್ಕಾಗಿ. ಅದರ ಮೇಲೆ ಸಿಂಬಿಯಿಟ್ಟು ಘಮೇಲಾ ಹೇರಿದರೆ ಭಾರ ದುಂಡನೆಯ ಚಿಪ್ಪಿನ ಮೇಲೆ ಜಾರುತ್ತದೆ, ಒಳಗಿನ ಪಟ್ಟಿಗಳು ಪೆಟ್ಟು ಬೀಳುವ ಮೊದಲೇ ಜಗ್ಗಿರುತ್ತವೆ, ಕುತ್ತಿಗೆ ಇನ್ನಷ್ಟು ನೋಯುತ್ತದೆ. ತುರುಬು ಕಟ್ಟಿದ ತಲೆಗೆ ಹಿಂಬದಿಯ ಪಟ್ಟಿ ಕೂರುವುದೂ ಇಲ್ಲ.

ಇದಕ್ಕೆ ಹೊಸ ಬಗೆಯ ಹೆಲ್ಮೆಟ್ ಹುಡುಕುವುದು ಉತ್ತರವಲ್ಲ. ಹೆಂಗಸರ ತಲೆಯ ಮೇಲಿನ ಹೊರೆಯನ್ನೇ ಇಳಿಸಬೇಕು. ಕೈಗಾಡಿ, ರಾಟೆ, ಹಾಯ್ಸ್ಟು, ಕಾಂಕ್ರೀಟು ಪಂಪು ಇವೆಲ್ಲ ಈ ನಗರದಲ್ಲಿ ಬಾಡಿಗೆಗೆ ಸಿಗುತ್ತವೆ. ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳು ವಯಸ್ಕ ಗಂಡಸು ಒಬ್ಬನೇ ಹೊರುವ ಭಾರಕ್ಕೆ 55 ಕಿಲೋ, ಹೆಂಗಸಿಗೆ 30 ಕಿಲೋ ಮಿತಿ ಇಟ್ಟವು. 50 ಕಿಲೋ ಸಿಮೆಂಟ್ ಚೀಲವನ್ನು ಹೆಂಗಸಿನ ತಲೆಗೆ ಎತ್ತಿಡುವವರು ಆ ಮಿತಿಯನ್ನು ಮೀರುತ್ತಿದ್ದಾರೆ. ಯಂತ್ರ ಬಂದರೆ ಹೆಂಗಸರ ಕೂಲಿ ಹೋಗುತ್ತದೆ ಎಂಬ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ದಾರಿ, ಹಾಯ್ಸ್ಟು ನಡೆಸುವುದು, ಟೈಲ್ಸ್ ಕೂರಿಸುವುದು, ಬಣ್ಣ, ಪ್ಲಂಬಿಂಗ್ ಕೆಲಸಗಳನ್ನು ಅವರಿಗೆ ಕಲಿಸುವುದು. ವರ್ಷಗಟ್ಟಲೆ ಗೌಂಡಿಯ ಪಕ್ಕದಲ್ಲೇ ನಿಂತು ಮಾಲು ಕೊಟ್ಟವಳಿಗೆ ಆ ಕೆಲಸದ ಗುಟ್ಟು ಎಷ್ಟೋ ತಿಳಿದೇ ಇರುತ್ತದೆ. ಅವಳ ಕೈಗೆ ಕರಣಿ ಕೊಡುವವರು ಬೇಕು.

ಉಳಿದ ಸಾಮಗ್ರಿಗಳಲ್ಲೂ ಇದೇ ಸೂತ್ರ. ಎತ್ತರದ ಕೆಲಸಕ್ಕೆ ಕೊಡುವ ಸೇಫ್ಟಿ ಬೆಲ್ಟನ್ನು ನೋಡಿ. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬೆಲ್ಟು ಬಿದ್ದವನ ಬೆನ್ನುಮೂಳೆಗೂ ಹೊಟ್ಟೆಗೂ ಏಟು ಮಾಡುತ್ತದೆ. ಬೇಕಾದದ್ದು ಭುಜ, ಎದೆ, ತೊಡೆಗಳನ್ನು ಹಿಡಿಯುವ ಪೂರ್ಣ ದೇಹದ ಹಾರ್ನೆಸ್. ಅದಕ್ಕೆ ಎರಡು ಹಗ್ಗಗಳಿರಬೇಕು, ಒಂದು ಕೊಕ್ಕೆ ಬಿಚ್ಚುವಾಗ ಇನ್ನೊಂದು ಸಿಕ್ಕಿರಬೇಕು. ಕೊಕ್ಕೆ ಸಿಕ್ಕಿಸುವ ಜಾಗ ಬೀಳುವ ಮನುಷ್ಯನ ಎಳೆತವನ್ನು ತಾಳಬೇಕು. ಮುಂಬಯಿಯವರು ಪರಾಂಚಿ ಎನ್ನುವ ಬಿದಿರಿನ ಸಾರವೆಗೆ ಕೊಕ್ಕೆ ಹಾಕಿದರೆ ಸಾರವೆಯೂ ಜೊತೆಗೇ ಬಂದೀತು. ಎರಡು ಮೀಟರ್ ಹಗ್ಗ, ಪೆಟ್ಟು ಹೀರಲು ಬಿಚ್ಚಿಕೊಳ್ಳುವ ಪಟ್ಟಿ, ಮನುಷ್ಯನ ಎತ್ತರ ಎಲ್ಲ ಕೂಡಿದರೆ ಕೆಳಗೆ ಸುಮಾರು ಆರು ಮೀಟರ್ ಖಾಲಿ ಇರಬೇಕು. ಮೊದಲ ಮಹಡಿಯ ಅಂಚಿನಲ್ಲಿ ನಿಂತವನಿಗೆ ಅಷ್ಟು ಜಾಗವಿಲ್ಲ. ಹಾರ್ನೆಸ್ ಬಿಗಿಯಾಗುವ ಮೊದಲೇ ಅವನು ನೆಲ ಮುಟ್ಟಿರುತ್ತಾನೆ. ಅಲ್ಲಿ ಬೇಕಾದದ್ದು ಅಂಚಿಗೆ ಕಟ್ಟಿದ ಗಟ್ಟಿ ಕಂಬಿಬೇಲಿ. ಸೀರೆಯುಟ್ಟು ಮೇಲೊಂದು ಗಂಡಸರ ಅಂಗಿ ತೊಟ್ಟು ದುಡಿಯುವ ಹೆಂಗಸಿಗೆ ತೊಡೆಯ ಪಟ್ಟಿ ಹಾಕುವುದೇ ಆಗದು. ಅವಳನ್ನು ಅಂಚಿನ ಕೆಲಸಕ್ಕೆ ಕಳಿಸುವ ಮೊದಲು ಅವಳೊಡನೆ ಮಾತಾಡಿ ಅವಳೊಪ್ಪುವ ಕೆಲಸದುಡುಪನ್ನು ಕೊಡಬೇಕು.

ಕಾಲಿಗೆ ಬಂದರೆ, ಐಎಸ್ 15298ರ ಸೇಫ್ಟಿ ಶೂಗಳ ಮುಂತುದಿ 200 ಜೂಲ್ ಪೆಟ್ಟನ್ನು ತಾಳುವಂತಿರುತ್ತದೆ. ಆದರೆ ಮಳೆಗಾಲದ ಚೆಂಬೂರಿನಲ್ಲಿ, ಸ್ಲ್ಯಾಬ್ ಹಾಕುವ ದಿನ, ಆ ಶೂ ನೀರು ಕುಡಿದು ಭಾರವಾಗುತ್ತದೆ. ಹಸಿ ಸಿಮೆಂಟು ತೀವ್ರ ಕ್ಷಾರ. ಶೂ ಒಳಗೆ ಸಿಕ್ಕಿದರೆ ಕಾಲಿನ ಚರ್ಮ ಸುಡುತ್ತದೆ. ಆ ಕೆಲಸಕ್ಕೆ ಮೊಣಕಾಲವರೆಗಿನ ಗಮ್‌ಬೂಟು ಬೇಕು. ಹತ್ತಿಯ ಕೈಗವಸೂ ಹಾಗೆಯೇ, ಸಿಮೆಂಟಿನ ನೀರನ್ನು ಹೀರಿ ಚರ್ಮಕ್ಕೆ ಅಂಟಿಸುತ್ತದೆ. ಕಾಂಕ್ರೀಟಿಗೆ ರಬ್ಬರಿನ ಲೇಪವಿರುವುದು ಬೇಕು, ಕಂಬಿ ಕಟ್ಟುವವರಿಗೆ ಬೆರಳು ಆಡುವಂಥದು ಬೇಕು. ಅಳತೆಯ ವಿಷಯದಲ್ಲಿ ಗಂಡಸರ ಆರು, ಏಳು, ಎಂಟನೆಯ ನಂಬರಿನ ಶೂಗಳನ್ನು ಗಂಟುಕಟ್ಟಿ ತಂದರೆ ನಾಲ್ಕನೆಯ ನಂಬರಿನ ಕಾಲಿನವಳು ಚಪ್ಪಲಿಯಲ್ಲೇ ಉಳಿಯುತ್ತಾಳೆ.

ಧೂಳಿನ ಅಪಾಯ ಇವೆಲ್ಲಕ್ಕಿಂತ ನಿಧಾನ, ಅದಕ್ಕೇ ಹೆಚ್ಚು ಅಲಕ್ಷ್ಯ. ಕಾಂಕ್ರೀಟು ಕೊರೆಯುವಾಗ, ಟೈಲ್ಸು, ಗ್ರಾನೈಟು ಕತ್ತರಿಸುವಾಗ ಏಳುವ ಸಿಲಿಕಾ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೇ ಶ್ವಾಸಕೋಶದ ತಳಕ್ಕೆ ಇಳಿಯುವುದು. ಸಿಲಿಕೋಸಿಸ್ ಬಂದರೆ ಗುಣವಾಗುವುದಿಲ್ಲ. ಮೂಗಿಗೆ ಕಟ್ಟಿದ ಟವೆಲ್ ಆ ಕಣಗಳನ್ನು ತಡೆಯುವುದಿಲ್ಲ. ಐಎಸ್ 9473ರ ಪ್ರಕಾರ ತಯಾರಾದ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು. ದಟ್ಟ ಗಡ್ಡವಿದ್ದರೆ ಅದು ಕೂರುವುದಿಲ್ಲ ಎಂಬುದನ್ನೂ ಹೇಳಿಕೊಡಬೇಕು. ಅದಕ್ಕಿಂತ ಮೊದಲು ಕತ್ತರಿಸುವ ಬಿಲ್ಲೆಯ ಮೇಲೆ ನೀರು ಬಿಡುವ ಯಂತ್ರ ಬಳಸಬೇಕು. 2023ರ ಅಕ್ಟೋಬರಿನಲ್ಲಿ ಮುಂಬಯಿ ಮಹಾನಗರಪಾಲಿಕೆ ಹೊರಡಿಸಿದ ಮಾರ್ಗಸೂಚಿಯ ಬಳಿಕ ಕಾಮಗಾರಿಗಳ ಸುತ್ತ ಎತ್ತರದ ತಗಡಿನ ಗೋಡೆಗಳು, ಹಸಿರು ಬಟ್ಟೆಗಳು ಎದ್ದಿವೆ. ಅವು ಬೇಕು. ಆದರೆ ಆ ಗೋಡೆ ತಡೆದ ಧೂಳು ಉಳಿಯುವುದು ಗೋಡೆಯ ಒಳಗೆ, ದುಡಿಯುವವನ ಮುಖದ ಮುಂದೆ. ದಾರಿಹೋಕರ ಗಾಳಿಯ ಬಗ್ಗೆ ಇರುವ ಕಾಳಜಿಗೆ ಅವನ ಉಸಿರೂ ಸೇರಬೇಕು.

ಇದಕ್ಕೆಲ್ಲ ಹಣ ಯಾರು ಕೊಡಬೇಕು? ಕಾನೂನಿನಲ್ಲಿ ಗೊಂದಲವಿಲ್ಲ. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆಯಡಿ ಬಂದ 1998ರ ನಿಯಮಗಳು ರಾಷ್ಟ್ರೀಯ ಮಾನದಂಡದ ಹೆಲ್ಮೆಟ್ಟು, ಶೂಗಳನ್ನು ಕಾರ್ಮಿಕರು ಧರಿಸಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಕಾಯ್ದೆಯ ಜಾಗಕ್ಕೆ ಬಂದಿದೆ. ಸುರಕ್ಷತಾ ಅಧಿಕಾರಿ ಇರಬೇಕಾದ ನಿರ್ಮಾಣ ಕಾಮಗಾರಿಯ ಗಾತ್ರ 500 ಕಾರ್ಮಿಕರಿಂದ 250ಕ್ಕೆ ಇಳಿದದ್ದು ಒಳ್ಳೆಯದೇ. ಆದರೆ ಹತ್ತಕ್ಕಿಂತ ಕಡಿಮೆ ಜನ ದುಡಿಯುವ ನಿರ್ಮಾಣ ಕೆಲಸ ಹಿಂದೆಯೂ ಹೊರಗೇ ಇತ್ತು, ಈಗಲೂ ಹೊರಗೇ ಇದೆ. ಮಳೆಗಾಲಕ್ಕೆ ಮೊದಲು ಗೋಡೆಯ ಸೋರಿಕೆ ಸರಿಪಡಿಸುವ, ಬಣ್ಣ ಬಳಿಯುವ, ಫ್ಲ್ಯಾಟಿನ ಒಳಗೆ ಗೋಡೆ ಒಡೆದು ಅಡುಗೆಮನೆ ಹಿಗ್ಗಿಸುವ ಕೆಲಸಗಳಲ್ಲಿ ನಾಲ್ಕೈದು ಜನ ಇರುತ್ತಾರೆ. ಏಳನೆಯ ಮಹಡಿಯ ಹೊರಗೋಡೆಗೆ ತೂಗಿ ನಿಂತವನಿಗೆ ಅಪಾಯ ಕಡಿಮೆಯಾಗುವುದು ಅವನ ಜೊತೆಗಾರರು ಕಡಿಮೆ ಇದ್ದಾರೆಂಬ ಕಾರಣಕ್ಕಲ್ಲ.

ಹಣವಿಲ್ಲ ಎನ್ನುವಂತೆಯೂ ಇಲ್ಲ. ನಿರ್ಮಾಣ ವೆಚ್ಚದ ಶೇಕಡಾ 1ರಷ್ಟನ್ನು ಸೆಸ್ ಎಂದು ವಸೂಲು ಮಾಡಿ ಕಾರ್ಮಿಕರ ಕಲ್ಯಾಣಕ್ಕೆ ಬಳಸುವ ವ್ಯವಸ್ಥೆ 1996ರಿಂದ ಇದೆ. ಹಾಗೆ ಕೂಡಿದ ಅಪಾರ ಹಣ ಖರ್ಚಾಗದೆ ಕೂತಿರುವುದನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಅವರ ಪೀಠ 2018ರ ಮಾರ್ಚಿನಲ್ಲಿ ಕಟುವಾಗಿ ಟೀಕಿಸಿತು. ಮಹಾರಾಷ್ಟ್ರದ ಕಲ್ಯಾಣ ಮಂಡಳಿ ನೋಂದಾಯಿತ ಕಾರ್ಮಿಕರಿಗೆ ಹೆಲ್ಮೆಟ್, ಶೂ, ಬೆಲ್ಟುಗಳಿರುವ ಸುರಕ್ಷಾ ಕಿಟ್ಟನ್ನು ಕೊಡುತ್ತದೆ. ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ದಿನಕ್ಕೊಬ್ಬ ಮಾಲೀಕನ ಬಳಿ ದುಡಿಯುವ ನಾಕಾ ಕಾರ್ಮಿಕನಿಗೆ ಅದನ್ನು ಬರೆದುಕೊಡುವವರು ಸಿಗುವುದು ಕಷ್ಟ, ಮರಾಠಿಯ ಅರ್ಜಿಯನ್ನು ತುಂಬುವುದೂ ಕಷ್ಟ. ಮಂಡಳಿ ಕೊಟ್ಟ ಕಿಟ್ಟು ಗುತ್ತಿಗೆದಾರನ ಹೊಣೆಯನ್ನು ತೀರಿಸುವುದೂ ಇಲ್ಲ. ಕಿಟ್ಟಿನ ಒಂದೇ ಬಗೆಯ ಹೆಲ್ಮೆಟ್ ಎಲ್ಲರ ಕೆಲಸಕ್ಕೂ ಒಗ್ಗುವುದಿಲ್ಲ.

ಇಲ್ಲಿ ಇನ್ನೊಂದು ಗಂಭೀರ ಸಂಗತಿಯಿದೆ. ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ, ಕೊಟ್ಟ ರಕ್ಷಣಾ ಸಾಧನವನ್ನು ಕಾರ್ಮಿಕ ಬೇಕೆಂದೇ ಬಳಸದಿದ್ದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಆದ ಪ್ರಕರಣಗಳನ್ನು ಬಿಟ್ಟು, ಮಾಲೀಕ ಪರಿಹಾರ ಕೊಡಬೇಕಾಗಿಲ್ಲ ಎಂಬ ವಾದಕ್ಕೆ ಅವಕಾಶವಿದೆ. ಒಂದು ಕೈಯನ್ನೋ ಒಂದು ಕಣ್ಣನ್ನೋ ಕಳೆದುಕೊಂಡವನು ಈ ವಾದಕ್ಕೆ ಸಿಕ್ಕಿಕೊಳ್ಳಬಹುದು. ಕಣ್ಣಿಗೆ ಜಾರುವ ಹೆಲ್ಮೆಟ್ಟು, ಮಸುಕಾದ ಕನ್ನಡಕ, ಅಳತೆಯಿಲ್ಲದ ಶೂ ಕೊಟ್ಟು ಸಹಿ ಹಾಕಿಸಿಕೊಂಡರೆ ಅದು ಕಾರ್ಮಿಕನನ್ನು ಕಾಯುವ ಬದಲು ಅವನ ವಿರುದ್ಧದ ಸಾಕ್ಷಿಯಾಗುತ್ತದೆ. ಆದ್ದರಿಂದ ಧರಿಸಲು ಆಗುವಂಥದ್ದನ್ನು ಕೊಡುವುದು ಸೌಜನ್ಯದ ಮಾತಲ್ಲ, ನ್ಯಾಯದ ಮಾತು.

ಸಣ್ಣ ಗುತ್ತಿಗೆದಾರರ ಕಷ್ಟ ನನಗೆ ಕಾಣದೆ ಇಲ್ಲ. ಅತಿ ಕಡಿಮೆ ದರ ಕೂಗಿದವರಿಗೇ ಕೆಲಸ ಸಿಗುವಾಗ, ಒಳ್ಳೆಯ ಸಾಮಗ್ರಿ ಕೊಡುವವನು ಕೊಡದವನ ಮುಂದೆ ಸೋಲುತ್ತಾನೆ. ಇದನ್ನು ಸರಿಪಡಿಸುವ ಶಕ್ತಿ ಇರುವುದು ಕೆಲಸ ಕೊಡುವ ನಮ್ಮ ಕೈಯಲ್ಲಿ. ಸೊಸೈಟಿಗಳು ಟೆಂಡರು ಕರೆಯುವಾಗ ಸುರಕ್ಷಾ ಸಾಮಗ್ರಿ, ಬಲೆ, ಕಂಬಿಬೇಲಿ, ಭಾರ ಎತ್ತುವ ಯಂತ್ರ ಇವುಗಳ ವೆಚ್ಚವನ್ನು ಬೇರೆ ಸಾಲಿನಲ್ಲಿ ಬರೆಸಿ, ಅದರ ಮೇಲೆ ಚೌಕಾಸಿ ಇಲ್ಲವೆಂದು ಘೋಷಿಸಲಿ. ಕೋಟಿಗಳಲ್ಲಿ ಬೆಲೆಯಿರುವ ಫ್ಲ್ಯಾಟುಗಳ ಲೆಕ್ಕದಲ್ಲಿ ಕೆಲವು ನೂರು ರೂಪಾಯಿಯ ಹೆಲ್ಮೆಟ್ಟು ಯಾರಿಗೂ ಭಾರವಾಗದು. ಕೊಳ್ಳುವ ಮೊದಲು ಎರಡು ಮೂರು ಬಗೆಯ ಮಾದರಿಗಳನ್ನು ತರಿಸಿ ಕಾರ್ಮಿಕರೇ ಒಂದು ಪಾಳಿ ಧರಿಸಿ ನೋಡಲಿ, ಹೆಂಗಸರೂ ನೋಡಲಿ. ಅವರು ಬೇಡವೆಂದದ್ದನ್ನು ಏಕೆ ಬೇಡವೆಂದು ಬರೆದುಕೊಳ್ಳಲಿ. ಕಾಮಗಾರಿ ನೋಡಲು ಹೋಗುವ ಸಮಿತಿಯ ಸದಸ್ಯರೂ ಆರ್ಕಿಟೆಕ್ಟರೂ ಅದೇ ಹೆಲ್ಮೆಟ್ ಧರಿಸಲಿ. ಪೆಟ್ಟು ತಿಂದ, ಹರಿದ ಸಾಮಗ್ರಿಯನ್ನು ಕೂಲಿಯಲ್ಲಿ ಮುರಿದುಕೊಳ್ಳದೆ ಬದಲಿಸಿಕೊಡಲಿ. ಬಳಸುವ ಕ್ರಮವನ್ನು ಅವರ ಭಾಷೆಯಲ್ಲೇ ಹೇಳಲಿ. ಮುಂಬಯಿಯಲ್ಲಿ ಕನ್ನಡದವರಿಗೆ ಕನ್ನಡದಲ್ಲಿ ಹೇಳಬಲ್ಲವರು ಸಿಗದೆ ಹೋಗುವ ಮಾತೇ ಇಲ್ಲ.

ಚೆಂಬೂರು ಕರ್ನಾಟಕ ಸಂಘವೂ ಸೇರಿದಂತೆ ಈ ಮಹಾನಗರದ ಕನ್ನಡ ಸಂಸ್ಥೆಗಳು ಶಾಲೆ ನಡೆಸಿವೆ, ಹೋಟೆಲಿನ ಹುಡುಗರಿಗೆ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿಸಿದ ಪರಂಪರೆ ಇಲ್ಲಿನ ಕನ್ನಡಿಗರಿಗಿದೆ. ಹಗಲು ದುಡಿದು ಬಂದವನ ಬಿಡುವಿಗೆ ತಕ್ಕಂತೆ ಶಾಲೆಯ ವೇಳೆಯನ್ನೇ ಬದಲಿಸಿಕೊಂಡ ವಿವೇಕ ಅದು. ಅದೇ ವಿವೇಕ ಇಂದು ನಾಕಾದ ಕಡೆ ತಿರುಗಬೇಕು. ಮಂಡಳಿಯ ಅರ್ಜಿ ತುಂಬಿಸುವ ಭಾನುವಾರದ ಮೇಜು, ಕೆಲಸದ ದಿನಗಳನ್ನು ದಾಖಲಿಸುವ ಒಂದು ಪುಸ್ತಕ, ಹೆಲ್ಮೆಟ್ಟಿನ ಮುದ್ರೆಯನ್ನೂ ಹಾರ್ನೆಸ್ಸಿನ ಹೊಲಿಗೆಯನ್ನೂ ಪರೀಕ್ಷಿಸಲು ಕಲಿಸುವ ಒಂದು ಸಂಜೆ, ಇವುಗಳಿಗೆ ದೊಡ್ಡ ನಿಧಿ ಬೇಡ. ಬೇಕಾದದ್ದು ಆ ಜನರನ್ನು ನಮ್ಮವರೆಂದು ಎಣಿಸುವ ಮನಸ್ಸು.

ಒಳ್ಳೆಯ ಹೆಲ್ಮೆಟ್ ಆರಿಸುವ ಜ್ಞಾನ ಗುಟ್ಟಿನದಲ್ಲ. ಮುದ್ರೆ, ವಯಸ್ಸು, ಕೆಲಸ, ಅಳತೆ ಎಂಬ ನಾಲ್ಕು ಮಾತಿನಲ್ಲಿ ಅದು ಮುಗಿಯುತ್ತದೆ. ಆ ನಾಲ್ಕರಲ್ಲಿ ಮೊದಲ ಎರಡನ್ನು ಅಂಗಡಿಯಲ್ಲೇ ನೋಡಬಹುದು. ಕೆಲಸವನ್ನೂ ಅಳತೆಯನ್ನೂ ತಿಳಿಯಲು ಧರಿಸುವವರ ಬಳಿಗೇ ಹೋಗಬೇಕು, ಕೇಳಬೇಕು, ಅವರು ಹೇಳಿದಂತೆ ಕೊಳ್ಳಬೇಕು. ಮುಂದಿನ ಸಲ ನಿಮ್ಮ ಸೊಸೈಟಿಯ ಸಭೆಯಲ್ಲಿ ಬಣ್ಣದ್ದೋ ಸೋರಿಕೆಯದ್ದೋ ಹೊಸ ಕಟ್ಟಡದ್ದೋ ಗುತ್ತಿಗೆ ಮಂಜೂರಾತಿಗೆ ಬಂದಾಗ, ದರಪಟ್ಟಿಯಲ್ಲಿ ದುಡಿಯುವವರ ರಕ್ಷಣೆಯ ಸಾಲು ಎಲ್ಲಿದೆ ಎಂದು ಎದ್ದು ನಿಂತು ಕೇಳಿ. ಅದಿಲ್ಲದ ಗುತ್ತಿಗೆಗೆ ಕೈಯೆತ್ತಬೇಡಿ.